ರೋಮ್‌ನ ಬರೋಕ್ ಚರ್ಚುಗಳು: ವಾಸ್ತುಶಿಲ್ಪದ ಆಸಕ್ತರು ಯಾವುದನ್ನು ಆರಿಸಿಕೊಳ್ಳಬೇಕು?

ರೋಮ್ ನಗರದ ಹಳೆಯ ಭಾಗದಲ್ಲಿ ಯಾವ ಬೀದಿಗೆ ಹೊರಳಿದರೂ 17ನೇ ಶತಮಾನದ, ಬಾಗುಬಳುಕು ಮತ್ತು ಅದ್ದೂರಿ ಅಲಂಕಾರಗಳ ಬರೋಕ್ ಶೈಲಿಯ ಚರ್ಚೊಂದು ಎದುರಾಗುತ್ತದೆ. ಬಹುತೇಕ ಚರ್ಚುಗಳಿಗೆ ಪ್ರವೇಶ ಶುಲ್ಕವಿಲ್ಲ. ಒಳಗೆ ಹೋದರೆ ಚಿನ್ನದ ಲೇಪ, ಬಣ್ಣದ ಅಮೃತಶಿಲೆ, ಮೋಡಗಳ ಮೇಲೆ ಕುಳಿತ ದೇವದೂತರು ಎಲ್ಲೆಡೆಯೂ ಕಾಣುತ್ತಾರೆ. ಹೀಗೆ ಕಂಡದ್ದನ್ನೆಲ್ಲ ಹೊಕ್ಕು ಬರುವವರಿಗೆ ಎರಡನೆಯ ದಿನದ ಹೊತ್ತಿಗೆ ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸವೇ ಮನಸ್ಸಿನಿಂದ ಅಳಿಸಿಹೋಗಿರುತ್ತದೆ. ವಾಸ್ತುಶಿಲ್ಪವನ್ನು ನೋಡಬೇಕೆಂದೇ ಹೋಗುವವರು ಮೂರೋ ನಾಲ್ಕೋ ಚರ್ಚುಗಳನ್ನು ಮೊದಲೇ ಆರಿಸಿಕೊಂಡು, ಒಂದೊಂದರಲ್ಲಿಯೂ ಸಾವಧಾನವಾಗಿ ಕುಳಿತು ನೋಡುವುದು ಮೇಲು. ಆಯ್ಕೆ ಹೇಗಿರಬೇಕು ಎನ್ನುವುದಕ್ಕೆ ನೋಡುವವರ ಕುತೂಹಲವೇ ಆಧಾರ: ಗೋಡೆಗಳು ಬಾಗಿದಾಗ ಒಳಗಿನ ಜಾಗ ಹೇಗೆ ಬದಲಾಗುತ್ತದೆ ಎಂಬುದನ್ನು ಕೆಲವರು ತಿಳಿಯಬಯಸುತ್ತಾರೆ, ಕಿಟಕಿಯನ್ನು ಮರೆಮಾಡಿ ಬೆಳಕನ್ನಷ್ಟೇ ತೋರಿಸುವ ಉಪಾಯ ಕೆಲವರನ್ನು ಸೆಳೆಯುತ್ತದೆ, ಮಟ್ಟಸವಾದ ಬಟ್ಟೆಯ ಮೇಲೆ ಗುಮ್ಮಟವನ್ನು ಬರೆದು ನಂಬಿಸುವ ಚಿತ್ರಕಲೆ ಇನ್ನು ಕೆಲವರನ್ನು. ಈ ಮೂರಕ್ಕೂ ರೋಮ್‌ನಲ್ಲಿ ಬೇರೆ ಬೇರೆ ವಿಳಾಸಗಳಿವೆ.

ಸಂತ ಪೇತ್ರರ ಬೆಸಿಲಿಕಾವನ್ನು ಈ ಹೋಲಿಕೆಯಿಂದ ಬೇಕೆಂದೇ ಹೊರಗಿಟ್ಟಿದ್ದೇನೆ. ನೂರು ವರ್ಷಕ್ಕೂ ಮಿಕ್ಕಿದ ಅವಧಿಯಲ್ಲಿ ಹಲವು ಶಿಲ್ಪಿಗಳ ಕೈಯಲ್ಲಿ ಬೆಳೆದ ಆ ಕಟ್ಟಡ ಬರೋಕ್ ಶೈಲಿಯನ್ನು ಮೊದಲ ಬಾರಿಗೆ ಅರಿಯಲು ಒಳ್ಳೆಯ ಪಾಠವಲ್ಲ. ಅಲ್ಲಿನ ಜನಜಂಗುಳಿಯಲ್ಲಿ ನಿಂತು ಯೋಚಿಸುವುದೂ ಕಷ್ಟ. ಬರೋಕ್ ವಾಸ್ತುಶಿಲ್ಪದ ನಿಜವಾದ ಪ್ರಯೋಗಗಳು ನಡೆದದ್ದು ಚಿಕ್ಕ ಚರ್ಚುಗಳಲ್ಲಿ.

ಅಂಥ ಎರಡು ಚಿಕ್ಕ ಚರ್ಚುಗಳು ಕ್ವಿರಿನಾಲೆ ಗುಡ್ಡದ ಮೇಲೆ, ಒಂದೇ ಬೀದಿಯ ಒಂದೇ ಬದಿಯಲ್ಲಿ, ಸುಮಾರು 200 ಮೀಟರ್ ಅಂತರದಲ್ಲಿವೆ. ಒಂದು ಜಾನ್ ಲೊರೆಂಜೊ ಬರ್ನಿನಿ ಕಟ್ಟಿದ ಸಾಂತ್ ಅಂದ್ರೇಯಾ ಅಲ್ ಕ್ವಿರಿನಾಲೆ. ಇನ್ನೊಂದು ಫ್ರಾನ್ಚೆಸ್ಕೊ ಬೊರೊಮಿನಿ ಕಟ್ಟಿದ ಸಾನ್ ಕಾರ್ಲೊ ಅಲ್ಲೆ ಕ್ವಾತ್ರೊ ಫೊಂತಾನೆ. ರೋಮ್‌ನಲ್ಲಿ ಅರ್ಧ ದಿನವಷ್ಟೇ ಬಿಡುವಿದ್ದರೆ ಈ ಬೀದಿಗೆ ಬನ್ನಿ ಎಂದು ಯಾವ ಅನುಮಾನವೂ ಇಲ್ಲದೆ ಹೇಳಬಲ್ಲೆ. ಎರಡೂ ಅಂಡಾಕಾರದ ಗುಮ್ಮಟವುಳ್ಳವು, ಎರಡೂ ಸಂನ್ಯಾಸಿಗಳ ಮಂಡಲಿಗಳಿಗಾಗಿ ಇಕ್ಕಟ್ಟಾದ ನಿವೇಶನದಲ್ಲಿ ಎದ್ದವು, ಇಬ್ಬರು ಶಿಲ್ಪಿಗಳೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಇಷ್ಟೆಲ್ಲ ಸಾಮ್ಯವಿದ್ದೂ ಕಟ್ಟಡಗಳು ಪರಸ್ಪರ ತೀರಾ ವಿರುದ್ಧವಾಗಿರುವುದರಿಂದಲೇ ಇವನ್ನು ಜೊತೆಯಾಗಿ ನೋಡುವುದಕ್ಕೆ ಬೆಲೆ.

ಶಿಲ್ಪಿಗಳ ಬಗ್ಗೆ ಎರಡು ಮಾತು. ಬರ್ನಿನಿ 1598ರಲ್ಲಿ ನೇಪಲ್ಸ್‌ನಲ್ಲಿ ಹುಟ್ಟಿದವನು. ಮೂಲತಃ ಮೂರ್ತಿಶಿಲ್ಪಿ, ಪೋಪ್‌ಗಳ ಮೆಚ್ಚುಗೆಯ ನೆರಳಿನಲ್ಲಿ ಬಾಳಿದವನು. ಬೊರೊಮಿನಿ 1599ರಲ್ಲಿ ಲುಗಾನೊ ಸರೋವರದ ದಡದ ಬಿಸ್ಸೋನೆ ಎಂಬ ಊರಿನಲ್ಲಿ ಹುಟ್ಟಿ, ಕಲ್ಲುಕುಟಿಗನಾಗಿ ಕೆಲಸ ಕಲಿತು ರೋಮ್‌ಗೆ ಬಂದವನು. ಸಂತ ಪೇತ್ರರ ಬೆಸಿಲಿಕಾದಲ್ಲಿ ಬಲಿಪೀಠದ ಮೇಲೆ ನಿಂತಿರುವ ಕಂಚಿನ ಮಂಟಪದ ಕೆಲಸದಲ್ಲಿ ಇಬ್ಬರೂ ಜೊತೆಗಿದ್ದರು. ಆಮೇಲೆ ದಾರಿಗಳು ಬೇರೆಯಾದವು. ಮೂರ್ತಿಶಿಲ್ಪಿಯ ಕಣ್ಣಿನಿಂದ ಕಟ್ಟಿದವನು ಒಬ್ಬ, ರೇಖಾಗಣಿತವನ್ನೇ ಕಲ್ಲಿಗಿಳಿಸಿದವನು ಇನ್ನೊಬ್ಬ ಎಂಬ ಈ ಭೇದ ಎರಡು ಚರ್ಚುಗಳ ಹೊಸ್ತಿಲು ದಾಟಿದ ಕೂಡಲೇ ಗೋಚರವಾಗುತ್ತದೆ.

ಸಾಂತ್ ಅಂದ್ರೇಯಾ: ಒಂದೇ ನೋಟಕ್ಕೆ ಹಿಡಿದ ಕಟ್ಟಡ

ಯೇಸುಸಭೆಗೆ (ಜೆಸ್ವಿಟರ ಮಂಡಲಿಗೆ) ಹೊಸದಾಗಿ ಸೇರಿದವರ ತರಬೇತಿ ಮನೆಗಾಗಿ ಕಾರ್ಡಿನಲ್ ಪದವಿಯನ್ನು ತೊರೆದಿದ್ದ ಕಮಿಲ್ಲೊ ಪಾಂಫಿಲಿಯ ಹಣದಿಂದ 1658ರಲ್ಲಿ ಈ ಚರ್ಚಿನ ಕೆಲಸ ಆರಂಭವಾಯಿತು. ಮುಖ್ಯ ಕಟ್ಟಡ 1661ರ ಹೊತ್ತಿಗೆ ಎದ್ದು ನಿಂತರೂ ಒಳಗಿನ ಅಲಂಕಾರ ಮುಗಿಯಲು 1670 ಆಯಿತು. ಬೀದಿಯ ಕಡೆಗೆ ಕಾಣುವುದು ಅಗಲವಾದ ಮೆಟ್ಟಿಲು, ಎರಡು ಕಂಬಗಳ ಮೇಲೆ ನಿಂತ ಅರ್ಧವೃತ್ತದ ಮುಖಮಂಟಪ, ಅದರ ಮೇಲೆ ಪಾಂಫಿಲಿ ಮನೆತನದ ಲಾಂಛನ, ಹಿಂದೆ ಎತ್ತರವಾದ ಒಂದೇ ಒಂದು ಚೌಕಟ್ಟು. ಎರಡು ಪಕ್ಕದಲ್ಲೂ ಒಳಬಾಗಿದ ಗೋಡೆಗಳು ಚರ್ಚನ್ನು ಬೀದಿಯಿಂದ ಒಂದಿಷ್ಟು ಹಿಂದಕ್ಕೆ ಸರಿಸಿ, ಮುಂದೆ ಪುಟ್ಟ ಅಂಗಳವೊಂದನ್ನು ಉಂಟುಮಾಡುತ್ತವೆ. ಹೊರಚಾಚಿದ ಮಂಟಪ ಮತ್ತು ಒಳಬಾಗಿದ ಗೋಡೆ ಇವೆರಡರ ಎಳೆದಾಟವನ್ನು ಬೀದಿಯ ಆಚೆ ಬದಿಗೆ ಹೋಗಿ ನಿಂತು ನೋಡಬೇಕು.

ಒಳಗಿನ ತಳವಿನ್ಯಾಸ ಅಂಡಾಕಾರದ್ದು. ಆದರೆ ಅಂಡದ ಉದ್ದನೆಯ ಅಕ್ಷ ಬೀದಿಗೆ ಸಮಾಂತರವಾಗಿದೆ. ಬಾಗಿಲಿನಿಂದ ಬಲಿಪೀಠಕ್ಕೆ ಇರುವುದು ಗಿಡ್ಡ ಅಕ್ಷ. ಆದ್ದರಿಂದ ಒಳಗೆ ಹೆಜ್ಜೆಯಿಟ್ಟ ಕೂಡಲೇ ಬಲಿಪೀಠ ತೀರಾ ಸನಿಹದಲ್ಲಿ ಎದುರಾಗುತ್ತದೆ, ಜಾಗ ಮಾತ್ರ ಎಡಬಲಕ್ಕೆ ಹರಡಿಕೊಳ್ಳುತ್ತದೆ. ಹೀಗೆ ಅಗಲಕ್ಕೆ ಹರಡಿದ ಕೋಣೆಯಲ್ಲಿ ಕಣ್ಣು ಪಕ್ಕಗಳಿಗೆ ಓಡಬೇಕಲ್ಲವೇ? ಅದನ್ನು ತಡೆಯಲು ಬರ್ನಿನಿ ಮಾಡಿದ ಉಪಾಯವನ್ನು ವಾಸ್ತುಶಿಲ್ಪದ ವಿದ್ಯಾರ್ಥಿಗಳು ಗಮನವಿಟ್ಟು ನೋಡಬೇಕು: ಸುತ್ತಲೂ ಪ್ರಾರ್ಥನಾ ಗೂಡುಗಳಿದ್ದರೂ ಉದ್ದ ಅಕ್ಷದ ಎರಡು ತುದಿಗಳಲ್ಲಿ ಗೂಡುಗಳಿಲ್ಲ, ಗಟ್ಟಿ ಗೋಡೆಗಂಬಗಳಿವೆ. ಎಡಕ್ಕೋ ಬಲಕ್ಕೋ ಹೊರಟ ನೋಟ ಅಲ್ಲಿ ತಡೆದು, ಗೋಡೆಯ ಮೇಲಂಚಿನ ಪಟ್ಟಿಯ ಗುಂಟ ಜಾರಿ, ಮತ್ತೆ ಬಲಿಪೀಠಕ್ಕೇ ಬಂದು ನಿಲ್ಲುತ್ತದೆ.

ಬಲಿಪೀಠದಲ್ಲಿ ಸಂತ ಅಂದ್ರೆಯನು ಶಿಲುಬೆಯ ಮೇಲೆ ಪ್ರಾಣಬಿಡುತ್ತಿರುವ ಚಿತ್ರ. ಅದರ ಮೇಲಿನ ಮುರಿದ ಕಮಾನಿನಿಂದ ಅದೇ ಸಂತ ಬಿಳಿಯ ಮೂರ್ತಿಯಾಗಿ, ಮೋಡದ ಮೇಲೆ ಕುಳಿತು, ಗುಮ್ಮಟದ ಕಡೆಗೆ ಏರುತ್ತಿದ್ದಾನೆ. ಈ ಮೂರ್ತಿ ಅಂತೊನಿಯೊ ರಾಜ್ಜಿಯ ಕೈಚಳಕ. ಕೆಳಗೆ ಕೆಂಪು ಗೆರೆಗಳುಳ್ಳ ಅಮೃತಶಿಲೆಯ ಗಾಢ ಬಣ್ಣ, ಮೇಲೆ ಚಿನ್ನ ಮತ್ತು ಬಿಳುಪು. ಗುಮ್ಮಟದ ಅಂಚಿನ ಕಿಟಕಿಗಳ ಮೇಲೆ ಬಲೆ ಹಿಡಿದ ಬೆಸ್ತರ ಗಾರೆಯ ಮೂರ್ತಿಗಳು ಒರಗಿ ಕುಳಿತಿವೆ, ಅಂದ್ರೆಯನು ಬೆಸ್ತನಾಗಿದ್ದನೆಂಬ ಕಾರಣಕ್ಕೆ. ಬಲಿಪೀಠದ ಚಿತ್ರದ ಮೇಲೆ ಬೀಳುವ ಬೆಳಕು ಮಾತ್ರ ಎಲ್ಲಿಂದ ಬರುತ್ತಿದೆ ಎಂಬುದು ಕುಳಿತ ಜಾಗದಿಂದ ಕಾಣುವುದಿಲ್ಲ. ಬಲಿಪೀಠದ ಕಟಕಟೆಯ ಹತ್ತಿರಕ್ಕೆ ಹೋಗಿ ತಲೆಯೆತ್ತಿದರೆ ಗುಮ್ಮಟದ ತುದಿಯಲ್ಲಿರುವಂಥದೇ ಮತ್ತೊಂದು ಬೆಳಕುಗೂಡು, ಅಂದರೆ ಬೆಳಕು ಒಳಬಿಡುವ ಕಿಟಕಿಗಳ ಪುಟ್ಟ ಗೋಪುರ, ಅಲ್ಲಿಗೆಂದೇ ತೆರೆದದ್ದು ಕಣ್ಣಿಗೆ ಬೀಳುತ್ತದೆ. ಚರ್ಚಿನ ಮುಂಭಾಗ ವಾಯವ್ಯಕ್ಕೆ ಮುಖ ಮಾಡಿರುವುದರಿಂದ ಬಲಿಪೀಠ ಆಗ್ನೇಯದಲ್ಲಿದೆ. ಬೆಳಗಿನ ಹೊತ್ತು ಈ ಗೂಡಿಗೆ ಬಿಸಿಲು ಚೆನ್ನಾಗಿ ಬೀಳುತ್ತದೆ. ಸಾಂತ್ ಅಂದ್ರೇಯಾವನ್ನು ಬೆಳಿಗ್ಗೆಯೇ ನೋಡಬೇಕೆಂದು ಹೇಳುವುದಕ್ಕೆ ಇದೇ ಕಾರಣ.

ಬರ್ನಿನಿಗೆ ತನ್ನ ಕಟ್ಟಡಗಳಲ್ಲಿ ಮನಸ್ಸಿಗೆ ತೃಪ್ತಿ ಕೊಟ್ಟದ್ದು ಇದೊಂದೇ ಎಂದೂ, ಮುಪ್ಪಿನಲ್ಲಿ ಆಗಾಗ ಇಲ್ಲಿಗೆ ಬಂದು ಕುಳಿತುಕೊಳ್ಳುತ್ತಿದ್ದನೆಂದೂ ಅವನ ಮಗ ದೊಮೆನಿಕೊ ಬರೆದಿಟ್ಟಿದ್ದಾನೆ. ಆ ತೃಪ್ತಿ ನೋಡುವವರಿಗೂ ಸಿಗುತ್ತದೆ: ಈ ಕಟ್ಟಡ ಯಾವ ಗೊಂದಲವನ್ನೂ ಉಳಿಸುವುದಿಲ್ಲ. ನನ್ನ ಮಟ್ಟಿಗೆ ಅದರ ಮಿತಿಯೂ ಅದೇ. ಅರ್ಧ ಗಂಟೆಯಲ್ಲಿ ಅದು ಹೇಳಬೇಕಾದುದನ್ನೆಲ್ಲ ಹೇಳಿ ಮುಗಿಸಿರುತ್ತದೆ.

ಸಾನ್ ಕಾರ್ಲೊ: ಗಾರೆ ಮತ್ತು ಗಣಿತ

ಬೀದಿಯಲ್ಲಿ ಮುಂದೆ ನಡೆದರೆ ನಾಲ್ಕು ರಸ್ತೆ ಕೂಡುವಲ್ಲಿ, ಪ್ರತಿ ಮೂಲೆಗೂ ಒಂದೊಂದು ಕಾರಂಜಿ. ಸಾನ್ ಕಾರ್ಲೊ ಚರ್ಚಿಗೆ ಹೆಸರು ಬಂದದ್ದು ಈ ಕಾರಂಜಿಗಳಿಂದ. ಚರ್ಚಿಗಿಂತ ಅರ್ಧ ಶತಮಾನದಷ್ಟು ಹಳೆಯವು. ಸ್ಪೇನ್ ಮೂಲದ ಬಡ ಟ್ರಿನಿಟೇರಿಯನ್ ಸಂನ್ಯಾಸಿಗಳು 1634ರಲ್ಲಿ ಬೊರೊಮಿನಿಗೆ ಈ ಕೆಲಸ ಒಪ್ಪಿಸಿದರು. ಅವನು ಸ್ವತಂತ್ರವಾಗಿ ವಹಿಸಿಕೊಂಡ ಮೊದಲ ಕಟ್ಟಡ ಇದು. ಮೊದಲು ಸಂನ್ಯಾಸಿಗಳ ಮಲಗುವ ಕೋಣೆಗಳು, ಊಟದ ಮನೆ, ಒಳ ಅಂಗಳ. ಚರ್ಚಿನ ಕೆಲಸ 1638ರಲ್ಲಿ ಮೊದಲಾಗಿ 1641ರಲ್ಲಿ ಮುಗಿಯಿತು. ಸಂತ ಪೇತ್ರರ ಬೆಸಿಲಿಕಾದ ಗುಮ್ಮಟವನ್ನು ಹೊತ್ತ ನಾಲ್ಕು ದೈತ್ಯ ಕಂಬಗಳಲ್ಲಿ ಒಂದರೊಳಗೆ ಈ ಇಡೀ ಚರ್ಚು ಹಿಡಿಸುತ್ತದೆ ಎಂಬುದು ರೋಮ್‌ನಲ್ಲಿ ಎಲ್ಲರ ಬಾಯಲ್ಲಿರುವ ಮಾತು. ಇಲ್ಲಿನವರು ಪ್ರೀತಿಯಿಂದ ಸಾನ್ ಕಾರ್ಲಿನೊ, ಅಂದರೆ ಪುಟ್ಟ ಕಾರ್ಲೊ, ಎಂದು ಕರೆಯುವುದೂ ಅದಕ್ಕೆ.

ಇಲ್ಲಿ ಹಣವಿರಲಿಲ್ಲ. ಅಮೃತಶಿಲೆಯ ಬದಲು ಇಟ್ಟಿಗೆ ಮತ್ತು ಗಾರೆ. ಬಣ್ಣದ ಬದಲು ಒಂದೇ ಮಾಸಲು ಬಿಳುಪು. ಇದಕ್ಕೆ ಮೊದಲು ಬೇರೆ ಚರ್ಚುಗಳ ಚಿನ್ನವನ್ನು ನೋಡಿಬಂದವರಿಗೆ ಮೊದಲ ಕ್ಷಣ ಏನೋ ಕೊರತೆಯೆನ್ನಿಸುವುದುಂಟು. ಆದರೆ ಬಣ್ಣದ ಸೆಳೆತ ಇಲ್ಲದಿರುವುದರಿಂದಲೇ ಆಕಾರವೊಂದೇ ಕಣ್ಣಿಗೆ ಉಳಿಯುತ್ತದೆ. ಅಂಡದ ಉದ್ದ ಅಕ್ಷ ಇಲ್ಲಿ ಬಾಗಿಲಿನಿಂದ ಬಲಿಪೀಠದ ಕಡೆಗಿದೆ, ಬರ್ನಿನಿಯದಕ್ಕೆ ನೇರ ವಿರುದ್ಧವಾಗಿ. ಗೋಡೆಗೆ ಹೊಂದಿ ನಿಂತ 16 ಕಂಬಗಳ ನಡುವೆ ಗೋಡೆ ಒಮ್ಮೆ ಹಿಂದಕ್ಕೆ ಸರಿಯುತ್ತದೆ, ಒಮ್ಮೆ ನೆಟ್ಟಗಾಗುತ್ತದೆ, ಮತ್ತೆ ಮುಂದಕ್ಕೆ ಬರುತ್ತದೆ. ಕಂಬಗಳ ಮೇಲೆ ಸುತ್ತಲೂ ಎಲ್ಲಿಯೂ ಕಡಿಯದೆ ಓಡುವ ಪಟ್ಟಿಯೊಂದಿದೆ. ನಡುವಿನ ಬೆಂಚಿನಲ್ಲಿ ಕುಳಿತು ಬಲಿಪೀಠದ ಎಡದಿಂದ ಆರಂಭಿಸಿ ಆ ಪಟ್ಟಿಯನ್ನೇ ಕಣ್ಣಿನಿಂದ ಹಿಂಬಾಲಿಸಿ ಒಂದು ಸುತ್ತು ಬನ್ನಿ. ಈ ಕೋಣೆ ಶಿಲುಬೆಯೋ ಅಂಡವೋ ಎಂಟು ಮೂಲೆಯ ಆಕೃತಿಯೋ ಎಂದು ತೀರ್ಮಾನಿಸಲು ಸುಲಭವಾಗಿ ಆಗುವುದಿಲ್ಲ, ಏಕೆಂದರೆ ಎತ್ತರ ಬದಲಾದಂತೆ ಆಕೃತಿಯೂ ಬದಲಾಗುತ್ತದೆ: ಕೆಳಗೆ ಅಲೆಯಂತೆ ಬಳುಕುವ ಗೋಡೆ, ನಡುವೆ ನಾಲ್ಕು ಕಮಾನುಗಳು, ಮೇಲೆ ನಿಚ್ಚಳವಾದ ಅಂಡ.

ಈ ಬಳುಕು ಮನಸ್ಸಿಗೆ ಬಂದಂತೆ ಎಳೆದದ್ದಲ್ಲ. ವಿಯೆನ್ನಾದ ಅಲ್ಬರ್ಟೀನಾ ಸಂಗ್ರಹದಲ್ಲಿರುವ ಬೊರೊಮಿನಿಯ ರೇಖಾಚಿತ್ರಗಳಲ್ಲಿ ಬೆನ್ನಿಗೆ ಬೆನ್ನು ಹಚ್ಚಿದ ಎರಡು ಸಮಬಾಹು ತ್ರಿಭುಜಗಳು, ಅವುಗಳೊಳಗಿನ ವೃತ್ತಗಳು, ಆ ವೃತ್ತಗಳಿಂದ ಹುಟ್ಟಿದ ಅಂಡ ಇವೆಲ್ಲ ಸೀಸದ ಗೆರೆಗಳಲ್ಲಿ ಉಳಿದಿವೆ. ಹೋಗುವ ಮೊದಲು ಈ ತಳವಿನ್ಯಾಸದ ಒಂದು ಪ್ರತಿಯನ್ನು ಮುದ್ರಿಸಿಕೊಂಡು ಜೊತೆಗಿಟ್ಟುಕೊಳ್ಳುವುದು ಅತ್ಯಗತ್ಯ. ಸಾಂತ್ ಅಂದ್ರೇಯಾಗೆ ನಕ್ಷೆ ಬೇಕಿಲ್ಲ. ಇಲ್ಲಿ ಅದಿಲ್ಲದೆ ಅರ್ಧ ಕಟ್ಟಡ ಕೈತಪ್ಪುತ್ತದೆ.

ಇನ್ನು ಗುಮ್ಮಟ. ಅದರ ಒಳಮೈಯನ್ನು ಶಿಲುಬೆ, ಷಟ್ಕೋನ, ಅಷ್ಟಕೋನಗಳ ತಗ್ಗಾದ ಅಂಕಣಗಳು ಒಂದರೊಳಗೊಂದು ಹೆಣೆದುಕೊಂಡು ತುಂಬಿವೆ. ಮೇಲೇರಿದಂತೆ ಅಂಕಣಗಳು ಕಿರಿದಾಗುವುದರಿಂದ ಗುಮ್ಮಟ ಇರುವುದಕ್ಕಿಂತ ಎತ್ತರವಾಗಿ ತೋರುತ್ತದೆ. ಬುಡದಲ್ಲಿ ಗಾರೆಯ ಎಲೆಗಳ ಒಂದು ಸುತ್ತು ಇದೆ. ಕಿಟಕಿಗಳು ಅದರ ಹಿಂದೆ ಅಡಗಿವೆ. ಬೆಳಕು ಕೆಳಗಿನಿಂದ ಮೇಲಕ್ಕೆ ಹರಿದು ಪ್ರತಿ ಅಂಕಣದ ಅಂಚಿಗೂ ತೆಳುವಾದ ನೆರಳಿಡುತ್ತದೆ. ತುದಿಯ ಬೆಳಕುಗೂಡಿನಲ್ಲಿ ತ್ರಿಭುಜ, ಅದರೊಳಗೆ ಪವಿತ್ರಾತ್ಮದ ಪಾರಿವಾಳ: ತ್ರಿತ್ವದ ಹೆಸರು ಹೊತ್ತ ಮಂಡಲಿಗೆ ತಳವಿನ್ಯಾಸದ ತ್ರಿಭುಜ ತುದಿಯಲ್ಲಿ ಮತ್ತೆ ಕಾಣಿಸಿಕೊಂಡಂತಾಗಿದೆ. ಕಂಬಗಳ ಬೋದಿಗೆಗಳನ್ನು ಹತ್ತಿರದಿಂದ ನೋಡುವುದನ್ನು ಮರೆಯಬೇಡಿ. ಕೆಲವದರಲ್ಲಿ ಸುರುಳಿಗಳು ವಾಡಿಕೆಯಂತೆ ಕೆಳಗೆ ಸುತ್ತಿಕೊಂಡಿವೆ, ಕೆಲವದರಲ್ಲಿ ತಲೆಕೆಳಗಾಗಿ ಒಳಕ್ಕೆ ಸುತ್ತಿಕೊಂಡಿವೆ. ನಿಯಮ ಬಲ್ಲವನು ಬೇಕೆಂದು ನಿಯಮ ಮುರಿದಿರುವ ಗುರುತು ಇದು. ಇಂಥವನ್ನು ಕಂಡೇ ಮುಂದಿನ ಶತಮಾನದ ವಿಮರ್ಶಕರು ಬೊರೊಮಿನಿಯನ್ನು ಹುಚ್ಚನೆಂದು ಜರಿದರು.

ಚರ್ಚಿನೊಳಗಿನಿಂದಲೇ ದಾರಿಯಿರುವ ಒಳ ಅಂಗಳವನ್ನು ಬಹಳ ಜನ ನೋಡದೆಯೇ ಹೊರಟುಹೋಗುತ್ತಾರೆ. ನಮ್ಮ ತೊಟ್ಟಿಮನೆಯ ತೊಟ್ಟಿಯಷ್ಟೇ ಪುಟ್ಟದು, ನಡುವೆ ಒಂದು ಬಾವಿ. ಆಯತಾಕಾರದ ಅಂಗಳಕ್ಕೆ ನಾಲ್ಕು ಚೂಪು ಮೂಲೆಗಳಿರಬೇಕಾದ ಕಡೆಯಲ್ಲಿ ಬೊರೊಮಿನಿ ಮೂಲೆಗಳನ್ನೇ ತೆಗೆದುಹಾಕಿ, ಅಲ್ಲಿ ಗೋಡೆಯನ್ನು ಅಂಗಳದ ಕಡೆಗೆ ಉಬ್ಬಿಸಿದ್ದಾನೆ. ಹೀಗಾಗಿ ಕಂಬಸಾಲು ಎಲ್ಲಿಯೂ ನಿಲ್ಲದೆ ಒಂದು ಸುತ್ತು ಹರಿಯುತ್ತದೆ. ಮೇಲಿನ ಅಂತಸ್ತಿನ ಕಟಕಟೆಯ ಕಿರುಗಂಬಗಳನ್ನು ನೋಡಿ: ತ್ರಿಕೋನದ ಅಡ್ಡಕೊಯ್ತದ ಈ ಕಿರುಗಂಬಗಳಲ್ಲಿ ಒಂದರ ಹೊಟ್ಟೆ ಕೆಳಗಿದ್ದರೆ ಪಕ್ಕದ್ದರ ಹೊಟ್ಟೆ ಮೇಲೆ. ತೀರಾ ಅಗ್ಗದ ಉಪಾಯ, ಒಂದು ಕಾಸಿನ ಹೆಚ್ಚುವರಿ ಖರ್ಚೂ ಇಲ್ಲ. ಆದರೆ ಸಾಲು ಇಡೀ ಅಲುಗಾಡಿದಂತೆ ಕಾಣುತ್ತದೆ. ಇಡೀ ಕಟ್ಟಡದಲ್ಲಿ ಒಂದು ವಿವರವನ್ನಷ್ಟೇ ನೆನಪಿಟ್ಟುಕೊಳ್ಳಬೇಕೆಂದರೆ ನಾನು ಇದನ್ನು ಆರಿಸುತ್ತೇನೆ.

ಹೊರಗಿನ ಮುಂಭಾಗ ಬೊರೊಮಿನಿಯ ಕೊನೆಗಾಲದ ಕೆಲಸ. 1665ರಲ್ಲಿ ಆರಂಭವಾದ ಅದರ ಕೆಳ ಅಂತಸ್ತು ಮುಗಿಯುವ ಹೊತ್ತಿಗೆ, 1667ರಲ್ಲಿ, ಅವನು ತನ್ನ ಕೈಯಾರೆ ಪ್ರಾಣ ಕಳೆದುಕೊಂಡ. ಮೇಲಿನ ಅಂತಸ್ತನ್ನು ಅವನ ಒಡಹುಟ್ಟಿದವರೊಬ್ಬರ ಮಗ ಬೆರ್ನಾರ್ದೊ ನೋಡಿಕೊಂಡು ಮುಗಿಸಿದ. ಕೆಳಗೆ ಮೂರು ಅಂಕಣಗಳಲ್ಲಿ ಎರಡು ಪಕ್ಕದವು ಒಳಬಾಗಿ ನಡುವಿನದು ಹೊರಚಾಚಿದೆ. ಮೇಲೆ ಮೂರೂ ಒಳಬಾಗಿವೆ. ಇಲ್ಲೊಂದು ತೊಡಕಿದೆ. ಬೀದಿ ಇಕ್ಕಟ್ಟು, ಕಾಲುದಾರಿ ಸಣ್ಣದು, ವಾಹನಗಳ ಓಡಾಟ ಬಿಡುವಿಲ್ಲದ್ದು. ಚರ್ಚಿನ ಎದುರು ನಿಂತು ಇಡೀ ಮುಂಭಾಗವನ್ನು ನೇರವಾಗಿ ನೋಡಲು ಆಗುವುದೇ ಇಲ್ಲ. ಛಾಯಾಚಿತ್ರಕಾರರು ಇದಕ್ಕಾಗಿ ಗೊಣಗುತ್ತಾರೆ. ನನಗೆ ಇದು ದೋಷವೆನಿಸುವುದಿಲ್ಲ. ಸಾಂತ್ ಅಂದ್ರೇಯಾದ ಕಡೆಯಿಂದ ನಡೆದುಬರುವಾಗ ಓರೆಯಾಗಿ ಕಾಣುವ ಈ ಗೋಡೆ ಹೆಜ್ಜೆ ಹೆಜ್ಜೆಗೂ ಒಂದು ಮಡಿಕೆಯನ್ನು ಬಿಚ್ಚಿ ಇನ್ನೊಂದನ್ನು ಮುಚ್ಚುತ್ತದೆ. ಓರೆನೋಟಕ್ಕೆಂದೇ ರೂಪಿಸಿದ ಮುಂಭಾಗ ಇದು ಎಂದು ನಂಬಲು ಅಷ್ಟು ಸಾಕು.

ಹಾಗಾದರೆ ಎರಡರಲ್ಲಿ ಯಾವುದು?

ಕಾಲಕ್ರಮ ಇಲ್ಲಿ ತುಸು ಸಿಕ್ಕುಸಿಕ್ಕಾಗಿದೆ: ಸಾನ್ ಕಾರ್ಲೊದ ಒಳಭಾಗ ಮೊದಲು, ಸುಮಾರು 20 ವರ್ಷಗಳ ಬಳಿಕ ಸಾಂತ್ ಅಂದ್ರೇಯಾ, ಅದಾದಮೇಲೆ ಸಾನ್ ಕಾರ್ಲೊದ ಮುಂಭಾಗ. ನೋಡುವ ಕ್ರಮ ಹಾಗಿರಬೇಕಿಲ್ಲ. ಬರ್ನಿನಿಯ ಅಂಡವನ್ನು ಮೊದಲು ನೋಡಿ. ಅದು ಅರ್ಥವಾದ ಮೇಲೆ ಬೊರೊಮಿನಿಯದಕ್ಕೆ ಬಂದರೆ ಅವನು ಏನನ್ನು ಮಾಡಲೊಲ್ಲೆನೆಂದಿದ್ದಾನೆ ಎಂಬುದು ಹೊಳೆಯುತ್ತದೆ. ತಿರುವುಮುರುವಾಗಿ ನೋಡಿದವರಿಗೆ ಸಾಂತ್ ಅಂದ್ರೇಯಾ ಕೇವಲ ಶ್ರೀಮಂತಿಕೆಯ ಪ್ರದರ್ಶನವಾಗಿ ಕಂಡುಬಿಡುವ ಅಪಾಯವಿದೆ, ಅದು ಆ ಕಟ್ಟಡಕ್ಕೆ ಅನ್ಯಾಯ.

ಒಂದನ್ನೇ ನೋಡಲು ಸಮಯವಿದ್ದರೆ ಸಾನ್ ಕಾರ್ಲೊ. ವಾಸ್ತುಶಿಲ್ಪ ವಿದ್ಯಾರ್ಥಿಗೆ, ಚಿತ್ರ ಬಿಡಿಸುವ ಪುಸ್ತಕ ಹಿಡಿದು ಕೂರುವವರಿಗೆ, ಕಟ್ಟಡವನ್ನು ಬಿಡಿಸಿ ನೋಡುವ ಚಟವುಳ್ಳವರಿಗೆ ಬೇರೆ ಉತ್ತರವಿಲ್ಲ. ಆದರೆ ಮನೆಮಂದಿ ಜೊತೆಗಿದ್ದು, ಅವರಿಗೆ ಗೋಡೆಯ ಬಾಗುವಿಕೆಯಲ್ಲಿ ವಿಶೇಷ ಆಸಕ್ತಿಯಿಲ್ಲವಾದರೆ ಸಾಂತ್ ಅಂದ್ರೇಯಾ ಹೆಚ್ಚು ಹಿತವಾದ ಆಯ್ಕೆ. ಅದರ ಬೆಳಕೂ ಬಣ್ಣವೂ ಯಾವ ಪೂರ್ವಸಿದ್ಧತೆಯನ್ನೂ ಬೇಡುವುದಿಲ್ಲ. ಸಾನ್ ಕಾರ್ಲೊದ ಸಂನ್ಯಾಸಿಗಳ ಅಧಿಕಾರಿಯೊಬ್ಬ ಆ ಕಾಲದಲ್ಲೇ ಒಂದು ಮಾತು ಬರೆದಿಟ್ಟಿದ್ದಾನೆ: ಜರ್ಮನರು, ಫ್ಲೆಮಿಶ್ ಜನ, ಫ್ರೆಂಚರು, ಸ್ಪೇನಿಗರು ಅಷ್ಟೇ ಅಲ್ಲದೆ ಇಂಡಿಯನ್ನರು ಕೂಡ ಈ ಚರ್ಚಿನ ನಕ್ಷೆ ಬೇಕೆಂದು ಕೇಳಿಕೊಂಡು ಬರುತ್ತಿದ್ದಾರಂತೆ. ಆ ಇಂಡಿಯನ್ನರು ನಮ್ಮ ಕಡೆಯವರೋ ಅಮೆರಿಕದ ಕಡೆಯವರೋ, ಅಂತೂ ನಕ್ಷೆ ಹಿಡಿದು ಅಲ್ಲಿಗೆ ಹೋಗುವುದು ಹೊಸ ಪದ್ಧತಿಯೇನಲ್ಲ.

ಸಾಂತ್ ಈವೊ: ಬಾಗಿಲು ತೆರೆದಿದ್ದರೆ

ಪಿಯಾಜಾ ನವೋನಾದ ಸಮೀಪ, ಹಳೆಯ ವಿಶ್ವವಿದ್ಯಾಲಯದ ಅಂಗಳದ ಕೊನೆಯಲ್ಲಿರುವ ಸಾಂತ್ ಈವೊ ಅಲ್ಲಾ ಸಾಪಿಯೆಂಜಾವನ್ನು ಬೊರೊಮಿನಿ 1642ರಿಂದ 1660ರ ನಡುವೆ ಕಟ್ಟಿದ. ಆ ವಿಶ್ವವಿದ್ಯಾಲಯದ ಶಿಲ್ಪಿಯ ಹುದ್ದೆಗೆ 1632ರಲ್ಲಿ ಅವನ ಹೆಸರನ್ನು ಸೂಚಿಸಿದವನು ಬರ್ನಿನಿಯೇ ಎಂಬುದು ಗಮನಾರ್ಹ. ಸಾನ್ ಕಾರ್ಲೊದಲ್ಲಿ ತ್ರಿಭುಜಗಳು ಬೆನ್ನಿಗೆ ಬೆನ್ನು ಹಚ್ಚಿ ನಿಂತಿದ್ದರೆ ಇಲ್ಲಿ ಎರಡು ತ್ರಿಭುಜಗಳು ಒಂದರ ಮೇಲೊಂದು ಕೂತು ಆರು ಮೂಲೆಯ ನಕ್ಷತ್ರವಾಗಿವೆ. ಗೋಡೆಗೂ ಗುಮ್ಮಟಕ್ಕೂ ನಡುವೆ ಒಳಗೆ ಯಾವ ಅಡ್ಡಗೋಡೆಯಿಲ್ಲ. ನೆಲದ ನಕ್ಷತ್ರ ಹಾಗೆಯೇ ಗುಮ್ಮಟವಾಗಿ ಏರುತ್ತ, ಉಬ್ಬುತಗ್ಗುಗಳನ್ನು ಸ್ವಲ್ಪ ಸ್ವಲ್ಪವಾಗಿ ಕಳೆದುಕೊಂಡು, ತುದಿಯಲ್ಲಿ ಶುದ್ಧ ವೃತ್ತವಾಗುತ್ತದೆ. ಹೊರಗೆ ಅದರ ನೆತ್ತಿಯ ಮೇಲೆ ತಿರುಚಿಕೊಂಡು ಏರುವ ಶಂಖದಂಥ ಶಿಖರ. ಸ್ವಿಟ್ಜರ್ಲೆಂಡಿನ ಹಳೆಯ 100 ಫ್ರಾಂಕ್ ನೋಟಿನ ಮೇಲೆ ಬೊರೊಮಿನಿಯ ಮುಖದ ಜೊತೆ ಅಚ್ಚಾಗಿದ್ದದ್ದು ಈ ಕಟ್ಟಡ.

ರೇಖಾಗಣಿತವನ್ನೊಂದೇ ಮಾನದಂಡವಾಗಿ ಹಿಡಿದರೆ ಈ ಚರ್ಚು ಸಾನ್ ಕಾರ್ಲೊವನ್ನೂ ಮೀರಿಸುತ್ತದೆ. ಆದರೂ ಮೊದಲ ಆಯ್ಕೆಯಾಗಿ ಹೇಳದಿರುವುದಕ್ಕೆ ಕಾರಣ ಸರಳ: ಇದು ದಿನವೂ ತೆರೆದಿರುವ ಚರ್ಚಲ್ಲ. ಸಾಮಾನ್ಯವಾಗಿ ಭಾನುವಾರ ಬೆಳಿಗ್ಗೆ ಕೆಲವೇ ಗಂಟೆಗಳ ಕಾಲ ತೆರೆಯುತ್ತದೆ. ಉಳಿದ ದಿನಗಳಲ್ಲಿ ಅಂಗಳದಿಂದ ಹೊರನೋಟವಷ್ಟೇ ದಕ್ಕುತ್ತದೆ. ನಿಮ್ಮ ಪ್ರಯಾಣದಲ್ಲಿ ಭಾನುವಾರ ಬರುವಂತಿದ್ದರೆ ಆ ಬೆಳಗನ್ನು ಇದಕ್ಕೇ ಮೀಸಲಿಡಿ, ಉಳಿದವನ್ನು ಬೇರೆ ದಿನಕ್ಕೆ ಹೊಂದಿಸಿಕೊಳ್ಳಿ. ಹತ್ತಿರದಲ್ಲೇ ಇರುವ ಸಾಂತ್ ಅನ್ಯೇಸೆ ಚರ್ಚಿನಲ್ಲಿಯೂ ಬೊರೊಮಿನಿಯ ಕೈಯಿದೆಯಾದರೂ ಹಲವರು ತಿದ್ದಿದ ಕಟ್ಟಡವದು. ಮುಂಭಾಗವನ್ನು ಚೌಕದಿಂದಲೇ ನೋಡಿ ಮುಂದೆ ಸಾಗಬಹುದು.

ಚಾವಣಿಯ ಚಿತ್ರಗಳಿಗಾಗಿ ಹೋಗುವವರು

ಬರೋಕ್ ಎಂದರೆ ತಲೆಯ ಮೇಲೆ ತೆರೆದುಕೊಂಡ ಆಕಾಶ ಎಂದು ಭಾವಿಸುವವರಿಗೆ ಕ್ವಿರಿನಾಲೆಯ ಎರಡು ಚರ್ಚುಗಳೂ ಸಾಲವು. ಅವರು ಯೇಸುಸಭೆಯ ಎರಡು ದೊಡ್ಡ ಚರ್ಚುಗಳಿಗೆ ಹೋಗಬೇಕು: ಇಲ್ ಜೆಸು ಮತ್ತು ಸಾಂತ್ ಇನ್ಯಾಜಿಯೊ. ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು.

ಸಾಂತ್ ಇನ್ಯಾಜಿಯೊದ ಕಟ್ಟಡ 1626ರಲ್ಲಿ ಮೊದಲಾದದ್ದು. ವಿನ್ಯಾಸ ಒರಾಜಿಯೊ ಗ್ರಾಸ್ಸಿಯದು, ಧೂಮಕೇತುಗಳ ವಿಚಾರದಲ್ಲಿ ಗೆಲಿಲಿಯೊ ಜೊತೆ ಜಗಳವಾಡಿದ ಗಣಿತಜ್ಞ ಅವನೇ. ಕಟ್ಟಬೇಕೆಂದಿದ್ದ ಗುಮ್ಮಟ ಎದ್ದೇಳಲಿಲ್ಲ. ಅದರ ಜಾಗದಲ್ಲಿ 1685ರಲ್ಲಿ ಅಂದ್ರೇಯಾ ಪೊಜ್ಜೊ ಎಂಬ ಯೇಸುಸಭೆಯ ಸಹೋದರ 17 ಮೀಟರ್ ಅಗಲದ ಬಟ್ಟೆಯ ಮೇಲೆ ಗುಮ್ಮಟದ ಚಿತ್ರ ಬರೆದು ಮೇಲೆ ಹೊದಿಸಿದ; ಆಮೇಲೆ ನಡುಮನೆಯ ಚಾವಣಿಯ ಮೇಲೆ ಕಂಬಗಳೂ ಕಮಾನುಗಳೂ ಆಕಾಶದವರೆಗೆ ಮುಂದುವರಿದಂತೆ ಚಿತ್ರಿಸಿದ. ನೆಲದಲ್ಲಿ ಹುದುಗಿಸಿದ ದುಂಡನೆಯ ಬಿಲ್ಲೆಯ ಮೇಲೆ ನಿಂತಾಗ ನಿಜವಾದ ಗೋಡೆ ಎಲ್ಲಿ ಮುಗಿಯಿತು, ಚಿತ್ರದ ಗೋಡೆ ಎಲ್ಲಿ ಆರಂಭವಾಯಿತು ಎಂದು ಗುರುತಿಸುವುದು ಕಷ್ಟ. ಎಲ್ಲರೂ ಅಲ್ಲಿ ನಿಂತು ಬೆರಗಾಗಿ ಹೊರಡುತ್ತಾರೆ. ವಾಸ್ತುಶಿಲ್ಪದ ಆಸಕ್ತರು ಅಲ್ಲಿಂದ ಹತ್ತು ಹೆಜ್ಜೆ ಆಚೆ ಸರಿದು ನೋಡಬೇಕು: ಕಂಬಗಳು ವಾಲತೊಡಗುತ್ತವೆ, ಬಲಿಪೀಠದ ಹತ್ತಿರ ಹೋಗಿ ಹಿಂದಿರುಗಿ ನೋಡಿದರೆ ಗುಮ್ಮಟ ಕುಸಿದು ಬಿದ್ದಂತಿರುತ್ತದೆ. ಮೋಸ ಬಯಲಾಗುವ ಈ ಕ್ಷಣದಲ್ಲೇ ಪೊಜ್ಜೊ ಎಷ್ಟು ಕರಾರುವಾಕ್ಕಾಗಿ ಲೆಕ್ಕ ಹಾಕಿದ್ದ ಎಂಬುದು ಮನದಟ್ಟಾಗುತ್ತದೆ. ಈಚೆಗೆ ಅಲ್ಲೊಂದು ಕನ್ನಡಿ ಇಟ್ಟಿದ್ದಾರೆ. ಅದರ ಮುಂದಿನ ಸರತಿಯಲ್ಲಿ ನಿಲ್ಲುವ ಅಗತ್ಯ ಖಂಡಿತ ಇಲ್ಲ, ಕುತ್ತಿಗೆಯೆತ್ತಿದರೆ ಸಾಕು.

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯವನ್ನು ನೋಡಿದವರಿಗೆ ಈ ಪರಂಪರೆ ಅಪರಿಚಿತವಲ್ಲ. ಅದರ ಗೋಡೆ ಮತ್ತು ಚಾವಣಿಯನ್ನು ಚಿತ್ರಿಸಿದ ಅಂತೊನಿಯೊ ಮೊಸ್ಕೇನಿ ಕೂಡ ಇಟಲಿಯಿಂದ ಬಂದ ಯೇಸುಸಭೆಯ ಸಹೋದರನೇ, ಪೊಜ್ಜೊನಿಗಿಂತ ಎರಡು ಶತಮಾನ ಈಚಿನವನು.

ಇಲ್ ಜೆಸು ಇನ್ನೂ ಹಳೆಯದು. ವಿನ್ಯೋಲಾ 1568ರಲ್ಲಿ ಆರಂಭಿಸಿ, ಮುಂಭಾಗವನ್ನು ಜಾಕೊಮೊ ದೆಲ್ಲಾ ಪೋರ್ತಾ ರೂಪಿಸಿ, 1584ರಲ್ಲಿ ಪ್ರತಿಷ್ಠೆಯಾದ ಈ ಚರ್ಚಿನ ವಿಶಾಲವಾದ ಒಂದೇ ನಡುಮನೆ ಮತ್ತು ಪಕ್ಕದ ಗೂಡುಗಳ ಮಾದರಿಯನ್ನು ಜಗತ್ತಿನ ಎಷ್ಟೋ ಕಡೆ ಅನುಸರಿಸಿದರು. ಆಗ ಒಳಗೋಡೆಗಳು ಬೋಳಾಗಿದ್ದವು. ಈಗ ಕಾಣುವ ಚಾವಣಿಯ ಚಿತ್ರವನ್ನು ಜೊವಾನ್ನಿ ಬತ್ತಿಸ್ತಾ ಗೌಲ್ಲಿ ಬರೆದದ್ದು 1676ರಿಂದ 1679ರ ನಡುವೆ, ಅಂದರೆ ಸುಮಾರು ಒಂದು ಶತಮಾನದ ಬಳಿಕ. ಚಿತ್ರದ ಆಕೃತಿಗಳು ಚೌಕಟ್ಟನ್ನು ಮೀರಿ ಹೊರಕ್ಕೆ ಉಕ್ಕುತ್ತವೆ, ಅವುಗಳ ನೆರಳನ್ನೂ ಚಿನ್ನದ ಕಮಾನಿನ ಮೇಲೆ ಬಣ್ಣದಲ್ಲೇ ಬರೆದಿದ್ದಾರೆ. ಆದ್ದರಿಂದ ಇಲ್ಲಿ ನೋಡುವವರು ಎರಡು ಕಾಲಗಳನ್ನು ಮನಸ್ಸಿನಲ್ಲಿ ಬೇರ್ಪಡಿಸಿಕೊಳ್ಳಬೇಕಾಗುತ್ತದೆ; ಅಷ್ಟು ಮಾಡಿದರೆ ಅಲಂಕಾರದ ಕೆಳಗಿನ ಗಂಭೀರವಾದ ಕಟ್ಟಡ ಹೊರಬರುತ್ತದೆ. ಶಿಲುಬೆಯಾಕಾರದ ಕಟ್ಟಡದ ಬಲಗಡೆಯ ಬಾಹುವಿನಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್‌ನ ಬಲಗೈ ಇದೆ. ಅವನ ಶರೀರವಿರುವುದು ಹಳೆ ಗೋವಾದ ಬೊಮ್ ಜೀಸಸ್ ಬೆಸಿಲಿಕಾದಲ್ಲಿ. ಉತ್ತರ ಕರ್ನಾಟಕ, ಕರಾವಳಿಗಳಿಂದ ಅಲ್ಲಿಗೆ ಹೋಗಿಬಂದವರು ಬಹಳ ಮಂದಿ.

ಎರಡರಲ್ಲಿ ಒಂದು ಎಂದಾದರೆ ಚಿತ್ರದ ತಂತ್ರಕ್ಕೆ ಸಾಂತ್ ಇನ್ಯಾಜಿಯೊ, ಕಟ್ಟಡದ ಇತಿಹಾಸಕ್ಕೆ ಇಲ್ ಜೆಸು.

ಹೋಗುವ ಮೊದಲು

ರೋಮ್‌ನ ಹೆಚ್ಚಿನ ಚಿಕ್ಕ ಚರ್ಚುಗಳು ಮಧ್ಯಾಹ್ನ 12ರ ಸುಮಾರಿಗೆ ಬಾಗಿಲು ಹಾಕಿ ಮೂರೋ ನಾಲ್ಕೋ ಗಂಟೆಗೆ ಮತ್ತೆ ತೆರೆಯುತ್ತವೆ. ವೇಳಾಪಟ್ಟಿ ಋತುವಿಗೆ ತಕ್ಕಂತೆ ಬದಲಾಗುವುದರಿಂದ ಹೊರಡುವ ಹಿಂದಿನ ದಿನ ಆಯಾ ಚರ್ಚಿನ ಸಮಯವನ್ನು ಇನ್ನೊಮ್ಮೆ ಖಚಿತಪಡಿಸಿಕೊಳ್ಳಿ. ಬಲಿಪೂಜೆ ನಡೆಯುತ್ತಿರುವಾಗ ಸುತ್ತಾಡುವುದು ಸಲ್ಲದು. ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತಿರಬಹುದು, ಹಾಗೆ ಕುಳಿತಾಗಲೇ ಕಟ್ಟಡ ಯಾತಕ್ಕಾಗಿ ಹೀಗಿದೆ ಎಂಬುದು ಅರ್ಥವಾಗುವುದೂ ಉಂಟು. ಭುಜ, ಮಂಡಿ ಮುಚ್ಚುವ ಉಡುಪಿರಲಿ. ಫ್ಲಾಶ್ ಬಳಸಬೇಡಿ. ಗುಮ್ಮಟದ ವಿವರಗಳಿಗೆ ಸಣ್ಣ ದುರ್ಬೀನು ಕ್ಯಾಮೆರಾಕ್ಕಿಂತ ಹೆಚ್ಚು ಉಪಯುಕ್ತ. ಕ್ವಿರಿನಾಲೆಗೆ ಬಾರ್ಬೆರಿನಿ ಮೆಟ್ರೊ ನಿಲ್ದಾಣದಿಂದ ಏರುದಾರಿಯಲ್ಲಿ ಕೆಲವು ನಿಮಿಷಗಳ ನಡಿಗೆ. ಮೊಣಕಾಲು ನೋವಿದ್ದವರು ಟ್ಯಾಕ್ಸಿ ಹಿಡಿಯುವುದೇ ಲೇಸು.

ಬೆಳಿಗ್ಗೆ ಕ್ವಿರಿನಾಲೆ ಮುಗಿಸಿ, ಮಧ್ಯಾಹ್ನ ಬಾಗಿಲು ಮುಚ್ಚಿರುವ ಹೊತ್ತನ್ನು ಊಟಕ್ಕೆ ಬಳಸಿಕೊಂಡು, ನಾಲ್ಕರ ಸುಮಾರಿಗೆ ಸಾಂತ್ ಇನ್ಯಾಜಿಯೊ ನೋಡಿದರೆ ಸಂಜೆಗೆ ಇಲ್ ಜೆಸು ಉಳಿಯುತ್ತದೆ. ಅದನ್ನು ಕೊನೆಗಿಡುವುದಕ್ಕೆ ಕಾರಣವಿದೆ. ಎಡಬಾಹುವಿನಲ್ಲಿರುವ, ಯೇಸುಸಭೆಯ ಸ್ಥಾಪಕ ಸಂತ ಇಗ್ನೇಷಿಯಸ್‌ನ ಬಲಿಪೀಠವನ್ನು ಪೊಜ್ಜೊ 1695ರಿಂದ 1699ರ ನಡುವೆ ರೂಪಿಸಿದ. ಅದರ ಮುಂದಿನ ದೊಡ್ಡ ವರ್ಣಚಿತ್ರ ಸಂಜೆ 5:30ಕ್ಕೆ, ಸಂಗೀತ ಮತ್ತು ವ್ಯಾಖ್ಯಾನದ ನಡುವೆ, ಯಂತ್ರದ ಸಹಾಯದಿಂದ ನಿಧಾನವಾಗಿ ಕೆಳಕ್ಕಿಳಿದು ಹಿಂದಿನ ಗೂಡಿನಲ್ಲಿರುವ ಸಂತನ ಪ್ರತಿಮೆಯನ್ನು ತೋರಿಸುತ್ತದೆ. ಮೂಲದ ಬೆಳ್ಳಿಯ ಪ್ರತಿಮೆಯನ್ನು 18ನೇ ಶತಮಾನದ ಕೊನೆಯಲ್ಲಿ ಕರಗಿಸಿದರು. ಈಗಿರುವುದು ಅದರ ಬದಲಿಗೆ ಮಾಡಿದ್ದು. ಎಡಬಾಹುವಿಗೆ ಎದುರಾದ ಬೆಂಚುಗಳು ಬೇಗ ತುಂಬುತ್ತವೆ, ಹಾಗಾಗಿ ಐದೂಕಾಲಿಗೆ ಮೊದಲೇ ಅಲ್ಲಿ ಕುಳಿತಿರಬೇಕು.